ಸಾವಿರದ ನೂರ ನಾಲ್ಕನೇ ಮೆಟ್ಟಿಲು

ನಮ್ಮ ಮನೆಯವರಿಗೆ ಎರಡು ಸಾವಿರದ ಮುನ್ನೂರ ಹದಿನಾರು ಮೆಟ್ಟಿಲು. ಪದ್ಮನಾಭ ಮೇಷ್ಟ್ರ ಮನೆಯವರಿಗೆ ನಲವತ್ತೊಂದು. ಅದೇ ಬಂಡೆ, ಅದೇ ಕಲ್ಲು, ಪಕ್ಕದಲ್ಲಿ ಅದೇ ಕಬ್ಬಿಣದ ಕಂಬಿ. ನಮ್ಮೂರಿನಲ್ಲಿ ಶಾಲೆ, ಆಸ್ಪತ್ರೆ, ಪೋಸ್ಟಾಫೀಸು, ರೇಷನ್ ಕಾರ್ಡಿನ ಕಚೇರಿ ಎಲ್ಲವೂ ಬಂಡೆಯ ಮೇಲಿವೆ. ಮನೆಗಳೆಲ್ಲ ಕೆಳಗೆ, ಅವರದೂ ನಮ್ಮದೂ. ಬೆಳಿಗ್ಗೆ ಎಂಟೂವರೆಗೆ ಬುಡದ ಗೇಟು ತೆರೆಯುತ್ತಾರೆ, ಒಂಬತ್ತಕ್ಕೆ ಮೇಲೆ ಗಂಟೆ ಹೊಡೆಯುತ್ತಾರೆ. ಗೇಟು ಎಲ್ಲರಿಗೂ ಒಂದೇ, ಗಂಟೆ ಎಲ್ಲರಿಗೂ ಒಂದೇ, ಇನ್ನೇನಮ್ಮ ಬೇಕು ನಿಮಗೆ ಎಂದು ಕೇಳುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೇಳುವಾಗ ಅವರಿಗೆ ಏದುಸಿರು ಇರುವುದಿಲ್ಲ ಅನ್ನುವುದನ್ನು ನಾನು ನೋಡಿದ್ದೇನೆ.

ನಾನು ಕ್ಯಾರಿಯರ್ ಹೊರುವವಳು. ಮನೆಗಳಿಂದ ಊಟದ ಡಬ್ಬಿ ಎತ್ತಿಕೊಂಡು ಒಂದು ಗಂಟೆಯ ಹೊತ್ತಿಗೆ ಮೇಲಿನ ಆಫೀಸುಗಳಿಗೆ ಮುಟ್ಟಿಸುತ್ತೇನೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಡಬ್ಬಿ ಬಿಸಿಯಾಗಿಲ್ಲ ಎಂದು ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಆದರೆ ಮೆಟ್ಟಿಲಿಗೆ ಲೆಕ್ಕವಿದೆ. ನಮ್ಮ ಬೀದಿಯಲ್ಲಿ ಹುಟ್ಟಿದ ಮಗು ಅಮ್ಮ, ಅಪ್ಪ ಎಂದ ಮೇಲೆ ಕಲಿಯುವುದು ಆ ಸಂಖ್ಯೆಯನ್ನೇ. ಅವರ ಬೀದಿಯಲ್ಲಿ ಹೋಗಿ ಕೇಳಿ, “ಮೆಟ್ಟಿಲಾ? ಅಯ್ಯೋ, ಯಾರ್ರೀ ಎಣಿಸ್ತಾರೆ ಅದನ್ನೆಲ್ಲಾ?” ಎಂದು ನಗುತ್ತಾರೆ. ಅವರದು ನಲವತ್ತೊಂದು ಎಂದು ಲೆಕ್ಕ ಇಟ್ಟವರೂ ನಾವೇ, ಬುಡದಲ್ಲಿ ನಿಂತು ಅವರ ಹೆಜ್ಜೆ ನೋಡಿ.

ಊರು ಇದಕ್ಕೆ ಹೊಂದಿಕೊಂಡಿದೆ. ಬಾಡಿಗೆ ಮನೆ ಕೇಳಲು ಹೋದರೆ ನಿಮ್ಮದು ಎಷ್ಟು ಮೆಟ್ಟಿಲು ಎಂದು ಯಾರೂ ಕೇಳುವುದಿಲ್ಲ. ಛೇ, ಅಷ್ಟು ಮರ್ಯಾದೆಗೆಟ್ಟವರಲ್ಲ ನಮ್ಮೂರಿನವರು. “ಮೇಲಕ್ಕೆ ಹೋಗುವಾಗ ನೀರಿನ ಬಾಟ್ಲು ತಗೊಂಡು ಹೋಗೋ ಅಭ್ಯಾಸ ಇದೆಯಾ ನಿಮಗೆ?” ಎಂದು ಕೇಳುತ್ತಾರೆ. ಹೂಂ ಅಂದಿರೋ, ಆ ಮನೆಯನ್ನು ನಿನ್ನೆ ತಾನೇ ಯಾರಿಗೋ ಕೊಟ್ಟಾಗಿರುತ್ತದೆ.

ಇನ್ನೊಂದು ಸಂಗತಿ ಹೇಳಬೇಕು. ಇಬ್ಬರು ಕೈ ಹಿಡಿದುಕೊಂಡು ಹತ್ತಿದರೂ ಇಳಿದರೂ ಇಬ್ಬರಿಗೂ ಹೆಚ್ಚು ಮೆಟ್ಟಿಲಿನವರ ಲೆಕ್ಕವೇ ಬರುತ್ತದೆ. ಕೈ ಬಿಟ್ಟ ತಕ್ಷಣ ಅವರವರದು ಅವರವರಿಗೆ. ಹಾಗಾಗಿ ಅವರು ಪೇಟೆಯಲ್ಲಿ ನಮ್ಮ ಕೈ ಕುಲುಕುತ್ತಾರೆ, ಮದುವೆಯಲ್ಲಿ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ, ಮೆಟ್ಟಿಲ ಬುಡ ಬಂತೆಂದರೆ ಮಾತ್ರ ಕೈ ಜೇಬಿಗೆ ಹೋಗುತ್ತದೆ. ಹೆಂಗಸರಾದರೆ ಸೆರಗಿನೊಳಗೆ. ಯಾರೂ ಹೇಳಿಕೊಟ್ಟದ್ದಲ್ಲ, ಹಾಗೇ ನಡೆದುಕೊಂಡು ಬಂದಿದೆ.

ಪದ್ಮನಾಭ ಮೇಷ್ಟ್ರನ್ನು ನಾನು ಕೆಟ್ಟವರು ಅನ್ನಲಾರೆ. ಅಂದರೆ ನನ್ನ ನಾಲಿಗೆಗೇ ಪಾಪ ತಟ್ಟೀತು. ನನಗೆ ಅಕ್ಷರ ಕಲಿಸಿದವರು ಅವರು. ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ತಿದ್ದಿಸಿದ್ದು ಇನ್ನೂ ನೆನಪಿದೆ, ಬೆರಳಿಗೆ ಸೀಮೆಸುಣ್ಣದ ವಾಸನೆ. ಆದರೆ ಗಂಟೆ ಹೊಡೆದ ಮೇಲೆ ಬಂದವರನ್ನು ಪ್ರಾರ್ಥನೆ ಮುಗಿಯುವ ತನಕ ಹೊರಗೆ ನಿಲ್ಲಿಸುತ್ತಿದ್ದವರೂ ಅವರೇ. “ಗಂಗಾ, ಒಂದು ಹತ್ತು ನಿಮಿಷ ಮುಂಚೆ ಏಳಬಾರದೇನೇ?” ಎನ್ನುತ್ತಿದ್ದರು, ಪ್ರೀತಿಯಿಂದಲೇ. ನಾನು ಏಳುತ್ತಿದ್ದದ್ದು ನಾಲ್ಕಕ್ಕೆ. ಗೇಟು ತೆರೆಯುತ್ತಿದ್ದದ್ದು ಎಂಟೂವರೆಗೆ. ಏಳನೇ ತರಗತಿಯಲ್ಲಿ ಹೊರಗೆ ನಿಂತು ನಿಂತು ಸಾಕಾಗಿ ಶಾಲೆ ಬಿಟ್ಟೆ. ಸಿದ್ದಗಂಗಮ್ಮ ಬುದ್ಧಿವಂತೆ, ಆದರೆ ಶಿಸ್ತಿಲ್ಲ ಎಂದು ಅವರು ನನ್ನ ಅಪ್ಪನಿಗೆ ಚೀಟಿ ಬರೆದು ಕಳಿಸಿದ್ದರು.

ನನ್ನ ಮಗಳಿಗೆ ವಸುಮತಿ ಎಂದು ಹೆಸರಿಟ್ಟವರೂ ಮೇಷ್ಟ್ರೇ. ನರ್ಸಿಂಗ್ ಅರ್ಜಿ ತಂದುಕೊಟ್ಟವರೂ ಅವರೇ. ಅವಳು ಓದಿದಳು, ಪಾಸಾದಳು, ಮೇಲಿನ ಆಸ್ಪತ್ರೆಯಲ್ಲಿ ಒಂದು ವರ್ಷದ ತರಬೇತಿಗೆ ಸೇರಿದಳು. ವರ್ಷ ಮುಗಿದರೆ ಕೆಲಸ ಕಾಯಂ. ಒಂದೇ ಕರಾರು, ವರ್ಷದಲ್ಲಿ ಮೂರು ಸಲ ತಡವಾದರೆ ಮನೆಗೆ.

ಎರಡು ಸಾವಿರದ ಮುನ್ನೂರ ಹದಿನಾರನ್ನು ಅರ್ಧ ಗಂಟೆಯಲ್ಲಿ ಹತ್ತಬೇಕು. ಹನ್ನೊಂದು ತಿಂಗಳು ನನ್ನ ಮಗಳು ಅದನ್ನು ಓಡುತ್ತಾ ಹತ್ತಿದಳು. ಬಿಳಿ ಯೂನಿಫಾರ್ಮನ್ನು ಚೀಲದಲ್ಲಿಟ್ಟುಕೊಂಡು, ಹಳೇ ಚೂಡಿದಾರ್ ಹಾಕಿಕೊಂಡು ಗೇಟಿನ ಮುಂದೆ ನಿಲ್ಲುತ್ತಿದ್ದಳು. ಮೇಲೆ ಹೋಗಿ ಬೆವರು ಒರೆಸಿಕೊಂಡು ಬಟ್ಟೆ ಬದಲಿಸಿಕೊಳ್ಳುವ ಹೊತ್ತಿಗೆ, ಎಂಟು ಐವತ್ತೆಂಟಕ್ಕೆ ಕಾಫಿ ಮುಗಿಸಿ ಹೊರಟ ಹುಡುಗಿಯರು ನಗುನಗುತ್ತಾ ಒಳಗೆ ಬರುತ್ತಿದ್ದರು. ಮಳೆಗೆ ಕಾಲು ಜಾರಿ ಒಮ್ಮೆ ತಡವಾಯಿತು. ಜ್ವರ ಬಂದು ಇನ್ನೊಮ್ಮೆ. ಮೂರನೆಯ ಸಲ, ನಮ್ಮ ಬೀದಿಯ ಬಸುರಿ ಹೆಂಗಸೊಬ್ಬಳು ಮೆಟ್ಟಿಲ ನಡುವೆ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ವಸು ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋದಳು. ಮಗು ಬದುಕಿತು, ತಾಯಿ ಬದುಕಿದಳು. ರಿಜಿಸ್ಟರಿನಲ್ಲಿ ನನ್ನ ಮಗಳ ಹೆಸರಿನ ಮುಂದೆ ಕೆಂಪು ಗೆರೆ ಬಿತ್ತು. ಶನಿವಾರ ಸಂಜೆ ಐದಕ್ಕೆ ಬಂದು ಕೆಲಸದಿಂದ ತೆಗೆದ ಪತ್ರ ತಗೊಂಡು ಹೋಗು ಎಂದರು.

ನಮ್ಮ ಬೀದಿ ಕುದಿಯಿತು. ನಾವು ಕೇಳಿದ್ದು ಎರಡೇ. ವಸುವಿನ ಕೆಂಪು ಗೆರೆ ಹೊಡೆದುಹಾಕಿ, ಗೇಟನ್ನು ಏಳು ಗಂಟೆಗೆ ತೆಗೆಯಿರಿ. ಅವರ ಮೆಟ್ಟಿಲು ನಮಗೆ ಕೊಡಿ ಎನ್ನಲಿಲ್ಲ. ಒಂದು ಕಬ್ಬಿಣದ ಗೇಟನ್ನು ಒಂದೂವರೆ ಗಂಟೆ ಮುಂಚೆ ತೆಗೆಯಿರಿ ಅಂದೆವು, ಅಷ್ಟೇ. ಊರ ಸಮಿತಿಯವರು ಏನು ಮಾಡಿದರು ಗೊತ್ತೇ? ಚರ್ಚಾಕೂಟ ಇಟ್ಟರು! ಶನಿವಾರ ಮಧ್ಯಾಹ್ನ, ಮೆಟ್ಟಿಲ ಬುಡದ ಚಪ್ಪರದಲ್ಲಿ, ‘ಮೆಟ್ಟಿಲು ಎಲ್ಲರಿಗೂ ಒಂದೇ: ಹೌದೋ ಅಲ್ಲವೋ’ ಎಂದು ಕರಪತ್ರ ಹಂಚಿದರು. ನನ್ನ ಮಗಳ ಅನ್ನದ ಪ್ರಶ್ನೆ ಇವರಿಗೆ ಚರ್ಚೆಯ ವಿಷಯವಾಯಿತು.

ಸಮಿತಿಯ ಅಧ್ಯಕ್ಷ ಚಂದ್ರಮೌಳಿ ಮೊದಲು ಎದ್ದರು. “ಕಲ್ಲು ಕಲ್ಲೇ ರೀ. ಜನ ನೋಡಿ ಕಲ್ಲು ಹೆಚ್ಚು ಕಮ್ಮಿ ಆಗುತ್ತಾ? ಇವರಿಗೋಸ್ಕರ ಗೇಟು ಬೇಗ ತೆಗೆದ್ರೆ ನಮಗೆ ಅನ್ಯಾಯ ಆಗಲ್ವಾ? ಸಮಾನತೆ ಎಲ್ಲಿ ಉಳೀತು?” ಎಂದರು. ಚಪ್ಪಾಳೆ ಬಿತ್ತು. ಅವರ ಬೀದಿಯ ಹೆಂಗಸೊಬ್ಬರು ಎದ್ದು, ನಮ್ಮತ್ತೆಗೆ ಮಂಡಿನೋವು, ನಮ್ಮ ಮೆಟ್ಟಿಲೇ ಅವರಿಗೆ ಕಷ್ಟ, ಅವರ ಕಷ್ಟ ಕಷ್ಟ ಅಲ್ಲವಾ ಎಂದು ಕಣ್ಣು ಒರೆಸಿಕೊಂಡರು. ಅದಕ್ಕೂ ಚಪ್ಪಾಳೆ. ಮಂಡಿನೋವು ಇಲ್ಲ ಎಂದು ಯಾರಮ್ಮ ಅಂದದ್ದು? ಅದೇ ಮಂಡಿ ಇಟ್ಟುಕೊಂಡು ನಮ್ಮ ಬೀದಿಯ ಮುದುಕಿಯರು ಎಷ್ಟು ಹತ್ತುತ್ತಾರೆ ಎಂದು ಕೇಳುವವರು ಯಾರು?

ಆಮೇಲೆ ಮೇಷ್ಟ್ರು ಎದ್ದರು. ಅವರ ಮೇಲೆ ನನಗೆ ಇನ್ನೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

“ನಾನು ಕಷ್ಟಪಟ್ಟು ಮೇಲೆ ಬಂದವನು” ಎಂದರು ಮೇಷ್ಟ್ರು. “ನಮ್ಮಪ್ಪ ನನಗೆ ಬಿಟ್ಟು ಹೋಗಿದ್ದು ಒಂದು ಹಳೇ ಛತ್ರಿ. ಬುಡ್ಡಿ ದೀಪದಲ್ಲಿ ಓದಿದೆ. ಒಂದೇ ಜೊತೆ ಬಟ್ಟೆ ಒಗೆದು ಒಗೆದು ಹಾಕ್ಕೊಂಡೆ. ಒಂದು ದಿನ, ಒಂದೇ ಒಂದು ದಿನ ನಾನು ತಡವಾಗಿ ಹೋದವನಲ್ಲ. ಈಗ ಅದೆಲ್ಲಾ ನನ್ನ ಶ್ರಮ ಅಲ್ಲ, ಮೆಟ್ಟಿಲು ಕಮ್ಮಿ ಇತ್ತು ಅದಕ್ಕೇ ಅಂತೀರಾ? ಕಮ್ಮಿ ಇದೆ ಅಂತಲೇ ಇಟ್ಕೊಳ್ಳೋಣ. ಅದು ನನ್ನ ತಪ್ಪಾ? ನಾನು ಕೇಳ್ಕೊಂಡು ಹುಟ್ಟಿದ್ನಾ? ಮನಸ್ಸು ಮಾಡಿದ್ರೆ ಯಾವ ಮೆಟ್ಟಿಲೂ ದೊಡ್ಡದಲ್ಲ. ವಸು ನನ್ನ ಮೊಮ್ಮಗಳ ಹಾಗೆ. ಆದ್ರೂ ಹೇಳ್ತೀನಿ, ನಿಯಮ ನಿಯಮವೇ.”

ನನ್ನ ಮೈಯೆಲ್ಲ ಉರಿದುಹೋಯಿತು. ಗುರುಗಳು, ಹಿರಿಯರು, ಎಲ್ಲಾ ಸರಿ. ಎದ್ದು ನಿಂತೆ.

“ತಪ್ಪು ಅಂತ ಯಾರು ಅಂದ್ರು ಮೇಷ್ಟ್ರೇ? ನೀವು ಬುಡ್ಡಿ ದೀಪದಲ್ಲಿ ಓದಿದ್ದು ಖರೆ. ನಾನೂ ಬುಡ್ಡಿ ದೀಪದಲ್ಲೇ ಓದಿದ್ದು. ನೀವು ಒಳಗೆ ಕೂತು ಪ್ರಾರ್ಥನೆ ಹೇಳಿದ್ರಿ, ನಾನು ಹೊರಗೆ ನಿಂತು ಕೇಳಿಸ್ಕೊಂಡೆ, ಅಷ್ಟೇ ವ್ಯತ್ಯಾಸ. ಮಾತು ಬೇಡ. ಇವತ್ತು ನನ್ನ ಕೈ ಹಿಡ್ಕೊಂಡು ಹತ್ತಿ.”

ಯಾರೋ ಕೆಮ್ಮಿದರು. ಅಂಥ ಮಾತನ್ನು ನಮ್ಮೂರಿನಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಎಷ್ಟೋ ಗಂಡಸರ ಕೈ ತಾನಾಗೇ ಜೇಬಿಗೆ ಹೋದದ್ದನ್ನು ನೋಡಿದೆ. ಚಂದ್ರಮೌಳಿ, ಇದೇನು ಹುಡುಗಾಟ ಎಂದು ಗದರಿದರು. ಆದರೆ ಮೇಷ್ಟ್ರಿಗೆ ಮೇಷ್ಟ್ರ ಸ್ವಾಭಿಮಾನ. “ಬಾರೇ ಗಂಗಾ, ನೋಡೇಬಿಡೋಣ” ಎಂದು ಕೈ ಚಾಚಿದರು. ಅವರು ಅರ್ಧ ಗಂಟೆಯಲ್ಲಿ ನನ್ನೊಂದಿಗೆ ಮೇಲೆ ಮುಟ್ಟಿದರೆ ನಮ್ಮ ದೂರು ಸುಳ್ಳು, ಮುಟ್ಟದಿದ್ದರೆ ಕೆಂಪು ಗೆರೆ ಹೊಡೆದುಹಾಕುವುದು, ಗೇಟು ಏಳಕ್ಕೆ ತೆಗೆಯುವುದು. ಹಾಗೆಂದು ತೀರ್ಮಾನವಾಯಿತು. ಸಮಿತಿಯವರೆಲ್ಲ ನಾವು ಮೇಲೆ ಕಾಯುತ್ತೇವೆ ಎಂದು ಎರಡು ನಿಮಿಷದಲ್ಲಿ ಹತ್ತಿ ಹೋದರು. ಎರಡೂವರೆಗೆ ನಾವಿಬ್ಬರೂ ಹೊರಟೆವು.

ನಲವತ್ತೊಂದು ದಾಟಿದಾಗ ಮೇಷ್ಟ್ರು ನಿಂತರು. ಮೇಲೆ ನೋಡಿದರು. ಅಲ್ಲಿ ಇರಬೇಕಾಗಿದ್ದ ಆಸ್ಪತ್ರೆಯ ಬಾಗಿಲು ಇರಲಿಲ್ಲ, ಮೆಟ್ಟಿಲಿತ್ತು. “ಇನ್ನೂ ಇದೆಯಾ?” ಎಂದರು. ಮುನ್ನೂರಕ್ಕೆ ಒಂದೇ ಕೈಯಲ್ಲಿ ಕೋಟಿನ ಗುಂಡಿ ಬಿಚ್ಚಿದರು. ಆರುನೂರಕ್ಕೆ ಮಾತು ನಿಂತಿತು. ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ, ಅವರೂ ಉಸಿರಿನಲ್ಲೇ ಎಣಿಸುತ್ತಿದ್ದರು. ಎಂಟುನೂರರ ಹತ್ತಿರ, “ವಸು ಇದನ್ನ ದಿನಾ ಓಡ್ತಾಳಾ?” ಎಂದು ಕೇಳಿದರು. ಹೂಂ ಅಂದೆ. ಅವರ ಕಣ್ಣಲ್ಲಿ ನೀರು ಬಂತು. ಇನ್ನು ಸಾಕು, ಈ ಮನುಷ್ಯನಿಗೆ ಅರ್ಥವಾಯಿತು, ನಮ್ಮ ಕಷ್ಟ ಕಳೆಯಿತು ಎಂದುಕೊಂಡೆ. ಅಲ್ಲೇ ನಾನು ಮೋಸ ಹೋದದ್ದು. ಬುಡದಲ್ಲೇ ಸೆರಗಿನಲ್ಲಿ ಅವರ ಕೈಗೂ ನನ್ನ ಕೈಗೂ ಸೇರಿಸಿ ಗಂಟು ಹಾಕಬೇಕಿತ್ತು.

ಸಾವಿರದ ನೂರ ನಾಲ್ಕು. ಅಲ್ಲಿ ಬಂಡೆ ತಿರುಗುತ್ತದೆ, ಮೇಲಿನವರಿಗೂ ಕಾಣುವುದಿಲ್ಲ, ಕೆಳಗಿನವರಿಗೂ ಕಾಣುವುದಿಲ್ಲ. “ಒಂದು ನಿಮಿಷ ತಾಳು, ಬೆವರು ಒರೆಸ್ಕೊತೀನಿ” ಎಂದು ಮೇಷ್ಟ್ರು ಕೈ ಬಿಡಿಸಿಕೊಂಡರು. ಕರ್ಚೀಫು ತೆಗೆದರು. ಮುಖ ಒರೆಸಿಕೊಳ್ಳುತ್ತಾ ಒಂದು ಮೆಟ್ಟಿಲು ಹತ್ತಿದರು, ಇನ್ನೊಂದು ಹತ್ತಿದರು. “ಮೇಷ್ಟ್ರೇ!” ಎಂದು ಕೂಗಿದೆ. ಅವರು ತಿರುಗಿ ನೋಡಲಿಲ್ಲ. ಇಪ್ಪತ್ತೆರಡು ಹೆಜ್ಜೆ, ನಾನೇ ಎಣಿಸಿದೆ. ಅಷ್ಟೇ. ಮೇಲಿನಿಂದ ಚಪ್ಪಾಳೆಯ ಸದ್ದು ಕೇಳಿಸಿತು.

ನನಗೆ ಇನ್ನೂ ಸಾವಿರದ ಇನ್ನೂರ ಹನ್ನೆರಡು ಉಳಿದಿತ್ತು.

ನಾನು ಮೇಲೆ ಮುಟ್ಟಿದಾಗ ಮೂರೂವರೆ. ಎಲ್ಲರ ಕೈಯಲ್ಲೂ ಕಾಫಿ ಲೋಟ. ಮೇಷ್ಟ್ರ ಕೊರಳಲ್ಲಿ ಸುಗಂಧರಾಜದ ಹಾರ. “ಬಾರಮ್ಮ ಬಾ, ಅರವತ್ತೈದು ವರ್ಷದೋರು ಅರ್ಧ ಗಂಟೇಲಿ ಬಂದ್ರು, ನೀನು ಈಗ ಬರ್ತಿದೀಯ” ಎಂದರು ಚಂದ್ರಮೌಳಿ. ಅವರು ನಡುವೆ ಕೈ ಬಿಟ್ಟರು ಎಂದು ನಾನು ಅರಚಿದೆ. ಕೆಲವರು ನಕ್ಕರು. ಸೋತವರು ಆಡುವ ಮಾತೇ ಇದು ಎಂದರು. ನಾನು ಮೇಷ್ಟ್ರನ್ನೇ ನೇರವಾಗಿ ಕೇಳಿದೆ, “ಎಷ್ಟು ಮೆಟ್ಟಿಲು ಮೇಷ್ಟ್ರೇ? ಹೇಳಿ.”

ಅವರು ಲೋಟದೊಳಗೆ ನೋಡಿದರು. “ಎಣಿಸಲಿಲ್ಲಮ್ಮ” ಎಂದರು.

ಅವರು ಸುಳ್ಳು ಹೇಳಿ ಹಾರ ಹಾಕಿಸಿಕೊಂಡವರಲ್ಲ, ಅದು ನನಗೆ ಗೊತ್ತು. ಹಾರ ಹಾಕಿದರು, ಅವರು ಬೇಡ ಎನ್ನಲಿಲ್ಲ. ಪೂರ್ತಿ ಹತ್ತಿದಿರಾ ಎಂದು ಯಾರೂ ಕೇಳಲಿಲ್ಲ, ಅವರು ಹೇಳಲಿಲ್ಲ. ಸುಮ್ಮನಿದ್ದರೆ ಸಾಕು, ಎಲ್ಲಾ ತಾನಾಗೇ ಅವರ ಕಡೆ ಹರಿದುಬರುತ್ತದೆ. ಸುಮ್ಮನಿದ್ದು ಏನನ್ನಾದರೂ ಪಡೆದವರು ನಮ್ಮ ಬೀದಿಯಲ್ಲಿ ಒಬ್ಬರಿದ್ದರೆ ತೋರಿಸಿ.

ನಾಲ್ಕು ಗಂಟೆಗೆ ಸಮಿತಿಯವರು ಇಳಿದು ಹೋದರು. ವಸು ಆಸ್ಪತ್ರೆಯ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಹೊರಗೆ ಬಂದು, “ಬಿಡಮ್ಮ. ಐದಕ್ಕೆ ಪತ್ರ ತಗೊಂಡು ಬರ್ತೀನಿ, ನೀನು ಮನೆಗೆ ಹೋಗು” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮೇಷ್ಟ್ರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಎದ್ದರೆ ಕಾಲು ನಡುಗುತ್ತಿತ್ತು. ಸಾವಿರದ ನೂರ ನಾಲ್ಕು ಹತ್ತಿದ ಕಾಲಲ್ಲವೇ! ನಾನು ಮೆಟ್ಟಿಲ ಹತ್ತಿರ ಬಂದಾಗ, ಮನೆಯಲ್ಲಿ ಸೊಸೆಯನ್ನು ಕೇಳುವ ಹಾಗೆ, ಯೋಚನೆಯೇ ಇಲ್ಲದೆ ಕೈ ಚಾಚಿದರು. “ಗಂಗಾ, ಸ್ವಲ್ಪ ಕೈ ಕೊಡವ್ವ.”

ಕೊಟ್ಟೆ. ಮೊದಲ ಮೆಟ್ಟಿಲು ಇಳಿದ ಮೇಲೆ ಅವರಿಗೆ ನೆನಪಾಯಿತು. ಕೈ ಎಳೆದುಕೊಂಡರು. ನಾನು ಬಿಡಲಿಲ್ಲ. ಇಪ್ಪತ್ತಾರು ವರ್ಷ ಕ್ಯಾರಿಯರ್ ಹೊತ್ತ ಕೈ ನನ್ನದು.

“ಗಂಗಾ, ಬಿಡು.”

“ಇಲ್ಲ ಮೇಷ್ಟ್ರೇ. ಎಣಿಸಲಿಲ್ಲ ಅಂದ್ರಲ್ಲಾ, ಈಗ ಎಣಿಸಿ. ಎರಡು.”

ಬೈದರು, ಬೇಡಿಕೊಂಡರು. ವಯಸ್ಸಾದವರನ್ನು ಹೀಗೆ ಎಳೆದೊಯ್ಯುವುದು ಸರಿಯಲ್ಲ ಎಂದು ನನ್ನ ಮನಸ್ಸೂ ಹೇಳುತ್ತಿತ್ತು. ಆ ಮನಸ್ಸಿಗೆ ಬಾಯಿ ಮುಚ್ಚು ಅಂದೆ. ಅವರು ಕೂರಬೇಕು ಅಂದಾಗ ಕೂರಿಸಿದೆ, ನನ್ನ ಬಾಟಲಿಯ ನೀರು ಕುಡಿಸಿದೆ, ಕೈ ಮಾತ್ರ ಬಿಡಲಿಲ್ಲ. ನೂರರ ಹೊತ್ತಿಗೆ ಬಯ್ಯುವುದು ನಿಂತಿತು. ಆಮೇಲೆ ಅವರೂ ಗಟ್ಟಿಯಾಗಿ ಎಣಿಸತೊಡಗಿದರು, ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದ ಅದೇ ದನಿಯಲ್ಲಿ. ಬಂಡೆಯ ತಿರುವಿಗೆ ಬಂದಾಗ ಸಾವಿರದ ಇನ್ನೂರ ಹನ್ನೆರಡು. ಅವರೇ ನಿಂತರು.

“ಇಲ್ಲೇ ನಾನು…” ಎಂದರು.

“ಬರೆದು ಕೊಡಿ” ಅಂದೆ.

ಅವರ ಜೇಬಿನಲ್ಲಿ ಪೆನ್ನು ಯಾವಾಗಲೂ ಇರುತ್ತದೆ. ಚರ್ಚಾಕೂಟದ ಕರಪತ್ರದ ಹಿಂಬದಿಯಲ್ಲಿ, ನನ್ನ ಬೆನ್ನಿನ ಮೇಲಿಟ್ಟುಕೊಂಡು ಬರೆದರು. ಎಡಗೈ ನನ್ನ ಕೈಯಲ್ಲಿತ್ತು. ‘ಸಾವಿರದ ನೂರ ನಾಲ್ಕನೇ ಮೆಟ್ಟಿಲಲ್ಲಿ ನಾನು ಕೈ ಬಿಟ್ಟೆ. ಮೆಟ್ಟಿಲು ಎಲ್ಲರಿಗೂ ಒಂದೇ ಅಲ್ಲ. ವಸುಮತಿಯ ಕೆಂಪು ಗೆರೆ ಹೊಡೆದುಹಾಕತಕ್ಕದ್ದು.’ ಸಹಿ ಮಾಡಿದರು. ಅಕ್ಷರ ದುಂಡಗೆ ಮುತ್ತಿನ ಹಾಗೆ, ನನಗೆ ತಿದ್ದಿಸಿದ ಅದೇ ಅಕ್ಷರ. ವಾಚು ನೋಡಿದರೆ ಐದಕ್ಕೆ ಎಂಟು ನಿಮಿಷ ಇತ್ತು.

“ತಗೋ” ಎಂದು ಕಾಗದ ನನ್ನ ಕಡೆ ಚಾಚಿದರು.

ನಗು ಬಂತು ನನಗೆ, ಆ ಸಿಟ್ಟಿನಲ್ಲೂ. “ನಾನು ತಗೊಂಡು ಏನು ಮಾಡ್ಲಿ? ನಾನು ಮುಟ್ಟೋ ಹೊತ್ತಿಗೆ ಐದೂವರೆ ಆಗುತ್ತೆ. ಪತ್ರ ಅವಳ ಕೈಲಿರುತ್ತೆ. ನೀವೇ ಕೊಡಿ. ನಿಮಗೆ ಇಪ್ಪತ್ತೆರಡೇ.”

ಅವರು ಮೇಲೆ ನೋಡಿದರು, ಕೆಳಗೆ ನೋಡಿದರು. ಕೆಳಗೆ ಅವರ ಮನೆ, ಅವರ ಲೆಕ್ಕದಲ್ಲಿ ಹತ್ತೊಂಬತ್ತು ಮೆಟ್ಟಿಲು. “ಕಾಲು ಬಿದ್ದುಹೋಗ್ತಿದೆ ಗಂಗಾ. ಸೋಮವಾರ ಬೆಳಿಗ್ಗೆ ನಾನೇ ಹೋಗಿ ಮಾತಾಡ್ತೀನಿ. ಒಂದೆರಡು ದಿನದಲ್ಲಿ ಏನಾಗುತ್ತೆ?” ಎಂದರು.

ಒಂದೆರಡು ದಿನದಲ್ಲಿ ಏನಾಗುತ್ತೆ! ಇಂಥವರಿಗೆ ಸೋಮವಾರ ಅನ್ನುವುದು ಯಾವಾಗಲೂ ಇರುತ್ತದೆ.

“ಹಾಗೇ ಆಗಲಿ ಮೇಷ್ಟ್ರೇ” ಅಂದೆ. “ಕೆಳಕ್ಕಾದ್ರೆ ನಾನು ಕೈ ಬಿಡಲ್ಲ, ಇಬ್ರೂ ಒಟ್ಟಿಗೆ ಇಳಿಯೋಣ, ಸಾವಿರದ ನೂರ ನಾಲ್ಕು. ಮೇಲಕ್ಕಾದ್ರೆ ಈಗಲೇ ಬಿಡ್ತೀನಿ, ಇಪ್ಪತ್ತೆರಡು. ಯಾವುದು ಹೇಳಿ.”

ಅವರು ನನ್ನ ಮುಖವನ್ನೇ ನೋಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನೋಡಿದ್ದು ಅನ್ನಿಸಿತು. ಆಮೇಲೆ ಕಂಬಿ ಹಿಡಿದುಕೊಂಡು ಮೇಲಕ್ಕೆ ತಿರುಗಿದರು. ನಾನು ಕೈ ಬಿಟ್ಟೆ. ಇಪ್ಪತ್ತೆರಡು ಎಣಿಸುವಷ್ಟರಲ್ಲಿ ಅವರು ಕಾಣಲಿಲ್ಲ.

ವಸುವಿನ ಕೆಲಸ ಉಳಿಯಿತು. ಮುಂದಿನ ತಿಂಗಳು ಕಾಯಂ ಪತ್ರವೂ ಬಂತು. ಊರಿನವರೆಲ್ಲ ಏನಂದರು ಗೊತ್ತೇ? ಎಂಥಾ ದೊಡ್ಡ ಮನುಷ್ಯ, ತಾನೇ ಗೆದ್ದ ಪಂದ್ಯವನ್ನು ಬಿಟ್ಟುಕೊಟ್ಟು ಬಡವರ ಮಗಳಿಗೆ ಕೆಲಸ ಕೊಡಿಸಿದರು ಅಂದರು. ಸಮಿತಿಯವರು ಅವರಿಗೆ ಶಾಲು ಹೊದಿಸಿದರು. ಗೇಟಿನ ವಿಷಯವನ್ನು ಪರಿಶೀಲಿಸುತ್ತೇವೆ ಎಂದರು. ಇನ್ನೂ ಪರಿಶೀಲಿಸುತ್ತಲೇ ಇದ್ದಾರೆ. ಗೇಟು ಇವತ್ತಿಗೂ ಎಂಟೂವರೆಗೇ ತೆರೆಯುತ್ತದೆ, ನನ್ನ ಮಗಳು ಇವತ್ತಿಗೂ ಓಡುತ್ತಾಳೆ.

ಅದಾದ ಸೋಮವಾರ ಬೆಳಿಗ್ಗೆ ವಸುವನ್ನು ಕಳಿಸಲು ನಾನೂ ಗೇಟಿನ ಹತ್ತಿರ ಹೋಗಿದ್ದೆ. ಅವಳು ಚೀಲ ಬಿಗಿ ಮಾಡಿಕೊಂಡು ಹತ್ತತೊಡಗಿದ್ದಳು. ಮೇಷ್ಟ್ರು ಕೋಲು ಊರಿಕೊಂಡು ಪೋಸ್ಟಾಫೀಸಿಗೆ ಹೊರಟಿದ್ದರು. ನನ್ನನ್ನು ನೋಡಿ ನಿಂತರು, ನಕ್ಕರು, “ಚೆನ್ನಾಗಿದೀಯೇನಮ್ಮ ಗಂಗಾ?” ಎಂದು ಬಾಯ್ತುಂಬ ಮಾತಾಡಿಸಿದರು. ನಾನು ನಮಸ್ಕಾರ ಮಾಡಿದೆ. ಆಮೇಲೆ ಅವರು ಮೆಟ್ಟಿಲ ಕಡೆ ತಿರುಗಿದರು, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈಯನ್ನು ಜೇಬಿಗೆ ಹಾಕಿಕೊಂಡರು.